ಬದುಕಿರುವ ವೈರಿ

ಬಂಡಾರವೆಲ, ಮಂಗಳವಾರ

ತಂಗಿ ಸುಮನಾ,

ಹದಿನಾಲ್ಕು ವರ್ಷದ ಮೇಲೆ ಅಕ್ಕನ ಕೈಬರಹ ಕಂಡು ಗಾಬರಿಯಾಗಬೇಡ. ಬೆಟ್ಟದ ಮೇಲಿನ ಧ್ಯಾನಕೇಂದ್ರದಲ್ಲಿದ್ದೇನೆ. ನಲವತ್ತು ಜನ ಒಟ್ಟಿಗೆ ಉಣ್ಣುತ್ತೇವೆ, ಯಾರೂ ಯಾರೊಂದಿಗೂ ಮಾತಾಡುವಂತಿಲ್ಲ. ಸಂಜೆ ಧ್ಯಾನ ಕಲಿಸುವ ಬೌದ್ಧ ಗುರು ಭಂತೆಯವರ ಹತ್ತಿರ ಮಾತ್ರ ಎರಡು ಮಾತು.

ಮೈತ್ರಿ ಧ್ಯಾನದಲ್ಲಿ ಮೊದಲು ಪ್ರಿಯರೊಬ್ಬರಿಗೆ, ಕೊನೆಗೆ ವೈರಿಯೊಬ್ಬರಿಗೆ ‘ಸುಖವಾಗಿರಲಿ’ ಎಂದು ಹಾರೈಸಬೇಕು. ವೈರಿಯ ಜಾಗಕ್ಕೆ ನಮ್ಮೂರ ವಾಚನಾಲಯಕ್ಕೆ ಬೀಗ ಹಾಕಿಸಿದ ಆ ಗ್ರಾಮಸಭೆ ಅಧ್ಯಕ್ಷನನ್ನೇ ಆರಿಸಿಕೊಂಡೆ.

“ನಾಲ್ಕು ದಿನ ಆಯ್ತು ಸ್ವಾಮಿ, ಆ ಮನುಷ್ಯನಿಗೆ ಹಾರೈಕೆ ಹೊರಡ್ತಾನೇ ಇಲ್ಲ,” ಅಂದೆ.

“ಈಗೆಲ್ಲಿದ್ದಾರೆ ಅವರು?”

“ಸತ್ತು ಒಂಬತ್ತು ವರ್ಷ ಆಯ್ತು.”

ಭಂತೆ ನಕ್ಕುಬಿಟ್ಟರು. “ಉಪಾಸಿಕಮ್ಮಾ, ಸತ್ತೋರಿಗೆ ಪುಣ್ಯ ಕೊಡಿ. ಮೈತ್ರಿ ಬದುಕಿರೋರಿಗೆ. ಬೇರೆ ವೈರಿ ನೋಡ್ಕೊಳ್ಳಿ!”

ಹುಡುಕಿದೆ. ಬೇಲಿ ಸರಿಸಿದ ಪಕ್ಕದ ಮನೆಯವನು, ನನ್ನ ಬಡ್ತಿ ತಪ್ಪಿಸಿದ ಹೆಡ್‌ಮಿಸ್ಟ್ರೆಸ್, ಎಲ್ಲರೂ ಹೋಗಿದ್ದಾರೆ. ಉಳಿದವಳು ನೀನು, ಅಪ್ಪನ ಎರಡು ಪೆಟ್ಟಿಗೆ ಪುಸ್ತಕಗಳನ್ನು ಕಡಲೆ ಪೊಟ್ಟಣ ಕಟ್ಟುವವನಿಗೆ ತೂಕಕ್ಕೆ ಹಾಕಿದವಳು. ಪ್ರಿಯರನ್ನು ಹುಡುಕಿದರೂ ಅಷ್ಟೇ. ಅಮ್ಮ ಇಲ್ಲ, ನಮ್ಮ ಯಜಮಾನರೂ ಇಲ್ಲ. ಅಲ್ಲೂ ನೀನೊಬ್ಬಳೇ.

ಮಂಡಿ ಊದಿದೆ, ಕೊತ್ತಂಬರಿ ಕಷಾಯ ಕುಡಿಯುತ್ತಿದ್ದೇನೆ. ಅಂಚೆಯವನು ಗೇಟಿನಲ್ಲಿ ಕಾಯುತ್ತಿದ್ದಾನೆ. ಪುಸ್ತಕದ ವಿಷಯ ನಾನು ಮರೆತಿಲ್ಲ. ಆದರೆ ನಿನಗೂ ಬಿಪಿ ಅಂತ ಕೇಳಿದೆ, ಮಾತ್ರೆ ತಪ್ಪಿಸಬೇಡ ಸುಮನಾ. ನೀನೂ ಹೋದರೆ, ಕಣ್ಣು ಮುಚ್ಚಿ ಕೂತಾಗ ನನಗೆ ನೆನೆಯಲು ಯಾರೂ ಇರುವುದಿಲ್ಲ.

ಅಕ್ಕ ಯಸವತಿ