ಎರಡು ಗುಲಗಂಜಿ ತೂಕದ ಎಸಳು

ಬೆಳ್ತಂಗಡಿ
12-10-1983

ಪ್ರೀತಿಯ ನಾಸಿರ್,

ಮಾನ್ಯ ಅಧ್ಯಕ್ಷರೇ, ವೇದಿಕೆಯ ಗಣ್ಯರೇ, ಬಾಡಿಗೆ ಕುರ್ಚಿಯಲ್ಲಿ ಒತ್ತಾಯಕ್ಕೆ ಕೂತ ಮಹಾಜನರೇ, ಒಂದು ತಿಂಗಳು ಕಾಗದ ಬರೆಯದ ಅಪರಾಧಿ ಕೇಶವಪ್ರಸಾದ ಮಾಷ್ಟ್ರ ತಮ್ಮ ಮುಂದೆ ಕೈಮುಗಿದು ನಿಂತಿದ್ದಾನೆ. ‘ಬರೆಯಲು ಬಿಡುವಿಲ್ಲ, ಬಿಡುವಾದರೆ ಬರಹವಿಲ್ಲ’ ಎಂಬುದು ಅವನ ಸಮರ್ಥನೆ. ಪ್ರಾಸ ಸರಿ ಉಂಟು, ನೆಪ ಮಾತ್ರ ಹಳತು.

ನೀನು, ಝೈನಬ್ ಸೌಖ್ಯವೆಂದು ನಂಬಿದ್ದೇನೆ. ಮೊನ್ನೆ ನಮ್ಮ ಶಾಲೆಯ ಕೃಷ್ಣಕುಮಾರ ಮೆಲ್ಕಾರಿನ ನಿನ್ನ ಅಂಗಡಿಗೆ ವಾಚು ರಿಪೇರಿಗೆ ಬಂದಿದ್ದನಂತೆ. ನೀನು ಬಿಚ್ಚಿಯೂ ನೋಡದೆ ವಾಪಸು ಕೊಟ್ಟೆಯಂತೆ. ಬರುವ ಸೋಮವಾರ ಅಂಗಡಿ ಬಿಟ್ಟುಕೊಟ್ಟು, ಭಾವನ ಜೀನಸಿನ ಅಂಗಡಿಯಲ್ಲಿ ಅಕ್ಕಿ ಅಳೆಯಲು ಕೂರ್ತೀಯಂತೆ. ಅವನ ವಾಚು ನಿಂತದ್ದಕ್ಕೆ ಬೇಸರವಿಲ್ಲ. ಅದು ಓಡುವಾಗಲೂ ಅವ ಕ್ಲಾಸಿಗೆ ತಡವೇ. ಅಕ್ಕಿಯ ಸುದ್ದಿ ಕೇಳಿದ ಮೇಲೆ ಮಾತ್ರ ನನಗೆ ಊಟ ಸೇರುವುದಿಲ್ಲ.

ಒಂದು ಆಟದ ವಿಮಾನಕ್ಕಾಗಿ ಇಪ್ಪತ್ತು ವರ್ಷದ ಕಸುಬು ಬಿಡುವುದಾ ಮಾರಾಯ? ಕಿಟಕಿ ಮುಚ್ಚಿ, ಫ್ಯಾನು ನಿಲ್ಲಿಸಿ, ರಬ್ಬರ್ ಬ್ಯಾಂಡು ತಿರುಚಿ ಸಭಾಂಗಣದ ಒಳಗೇ ಹಾರಿಸುವ ವಿಮಾನ. ರೆಕ್ಕೆ ನನ್ನದು, ಪ್ರೊಪೆಲ್ಲರಿನ ಎಸಳು ನಿನ್ನದು. ಬಾಸಿಂಗ ಮಾಡುವ ಬೆಂಡನ್ನು ನೀನು ಕಾಗದದ ಹಾಗೆ ತೆಳ್ಳಗೆ ಸೀಳಿ, ಒದ್ದೆ ಮಾಡಿ, ತಿರುವು ಬರಲೆಂದು ಬಾಟ್ಲಿಗೆ ಓರೆಯಾಗಿ ಕಟ್ಟಿ ಒಣಗಿಸಿದೆ. ಅಕ್ಕಸಾಲಿಯ ತಕ್ಕಡಿಯಲ್ಲಿ ಎರಡೂ ಎಸಳು ಸೇರಿ ಎರಡೇ ಗುಲಗಂಜಿ ತೂಗಿತು. ಉಸಿರಿಗೆ ಹಾರೀತೆಂದು ನಾವಿಬ್ಬರೂ ಮೂಗಿಗೆ ಬೈರಾಸು ಕಟ್ಟಿಕೊಂಡು ಕೂತೆವು, ದರೋಡೆಗೆ ಹೊರಟವರ ಹಾಗೆ.

ಕಳೆದ ತಿಂಗಳ ಮೂಡುಬಿದಿರೆಯ ಸ್ಪರ್ಧೆಯಲ್ಲಿ ಅದು ಸಭಾಂಗಣದ ಮಾಡಿನ ಹತ್ತಿರದವರೆಗೆ ಏರಿತು. ಎರಡನೇ ನಿಮಿಷಕ್ಕೆ ಒಂದು ಎಸಳು ಬುಡದಲ್ಲೇ ಹಿಂದಕ್ಕೆ ಮಡಚಿಕೊಂಡಿತು; ವಿಮಾನ ತೀರ್ಪುಗಾರರ ಮೇಜಿನ ಮೇಲೆಯೇ ಬಿತ್ತು. ಎಸಳು ಮಾಡಿದವರಿಗೆ ಅಂದಾಜು ತಪ್ಪಿದೆ ಅಂದರು ಅವರು. ವಾಪಸು ಬರುವಾಗ ಬಸ್ಸಿನಲ್ಲಿ ನೀನು ಬಲಗೈ ಬಿಡಿಸಿ ನನಗೆ ತೋರಿಸಿದೆ.

“ಇದರ ಅಳತೆ ಹೋಯ್ತು ಮಾಷ್ಟ್ರೇ. ಇನ್ನು ಇದನ್ನು ನಂಬಿ ಇನ್ನೊಬ್ಬರ ವಾಚು ಮುಟ್ಟುವುದು ಹೇಗೆ?”

ನಾನು ‘ಸೋತರೆ ಸೋಲು, ಬಾ ಕುಡಿಯುವ ಹಾಲು’ ಅಂದೆ. ನೀನು ನಗಲಿಲ್ಲ.

ಅವಸರ ಮಾಡಬೇಡ. ದೇವರು ನಿನ್ನನ್ನೂ ಮನೆಯವರನ್ನೂ ತಣ್ಣಗೆ ಇಟ್ಟಿರಲಿ.

ನಿನ್ನ,
ಕೇಶವಪ್ರಸಾದ

ಮತ್ತೊಂದು ಮಾತು: ಸ್ಪರ್ಧೆಯ ಬೆಳಿಗ್ಗೆ ನೀನು ಚಾ ಕುಡಿಯಲು ಹೋದಾಗ ಎಸಳಿಟ್ಟ ಡಬ್ಬಿ ನನ್ನ ತೊಡೆಯ ಮೇಲಿತ್ತು. ಇನ್ನೂ ಹಗುರಾದರೆ ಇನ್ನೂ ಸ್ವಲ್ಪ ಹೊತ್ತು ಹಾರೀತೆಂದು ಆಸೆಯಾಯ್ತು. ಪಾಲಿಶ್ ಪೇಪರಿನಲ್ಲಿ ಎರಡೂ ಎಸಳಿನ ಬುಡ ಉಜ್ಜಿದೆ. ತಿಂಗಳಿಂದ ಇದನ್ನೇ ಬರೆದು ಬರೆದು ಹರಿದು ಹಾಕ್ತಿದ್ದೇನೆ. ನಿನ್ನ ಕೈ ತಪ್ಪಲಿಲ್ಲ, ನಾಸಿರ್. ಕೆಡಿಸಿದ್ದು ನಾನು.