ಇಡೀ ಆಫೀಸಿಗೆ ಒಬ್ಬರೇ ಭಾವ

ನನ್ನ ಪ್ರೀತಿಯ ಕೆಹಕಶಾನ್,

ಇವತ್ತು ನಾನು ಆಫೀಸಿನಲ್ಲಿ ಎಲ್ಲರೆದುರು ಎದ್ದು ನಿಂತು ಮಾತಾಡಿದೆ ಕಣೇ! ನಾನು!

ಚನ್ನಪಟ್ಟಣದ ಗೊಂಬೆಗಳನ್ನ ಊರೂರಿಗೆ ಕಳಿಸೋ ಒಂದು ಚಿಕ್ಕ ಆಫೀಸಿಗೆ ಕಾಲೇಜಿನವರು ನನ್ನನ್ನ ಇಂಟರ್ನ್‌ಶಿಪ್‌ಗೆ ಹಾಕಿದ್ದಾರೆ. ಅಲ್ಲಿ ಒಬ್ಬೊಬ್ಬರ ಗಿರಾಕಿಗಳು ಒಬ್ಬೊಬ್ಬರ ಫೋನಿನಲ್ಲಿ. ಮೆಹಬೂಬ್ ಭಾಯ್ ರಜಾ ಹಾಕಿದರೆ ಅರ್ಧ ಗಿರಾಕಿಗಳೂ ರಜಾ! ಅದಕ್ಕೆ ಮ್ಯಾನೇಜರ್ ರುದ್ರಪ್ರಸಾದ್ ಸರ್, "ಆಫೀಸ್ ಈಮೇಲಿನಲ್ಲಿ ಎಲ್ಲರಿಗೂ ಸೇರಿ ಒಂದೇ ಕಾಂಟ್ಯಾಕ್ಟ್ ಫೋಲ್ಡರ್ ಮಾಡಮ್ಮ. ಸರಿಯಾಗಿ ಮಾಡಿದ್ರೆ ಈ ವರ್ಷವೆಲ್ಲ ನಿನ್ನನ್ನ ಇಟ್ಕೋತೀವಿ" ಅಂದರು.

ಮಾಡಿದೆ. ಹೆಸರು, ನಂಬರ್, ಮೇಲ್ ಐಡಿ, ಎಲ್ಲಾ ಪರ್ಫೆಕ್ಟ್. ಕೊನೇಲಿ ಕಂಪ್ಯೂಟರ್ ಪರ್ಮಿಷನ್ ಕೇಳ್ತು: ಯಾರು ಬರೀ ನೋಡಬಹುದು, ಯಾರು ತಿದ್ದಬಹುದು? ದೊಡ್ಡವರಿಗೆ 'ನೀವು ಬರೀ ನೋಡಿ' ಅಂತ ಯಾವ ಬಾಯಲ್ಲಿ ಹೇಳ್ಲಿ? ಎಲ್ಲರಿಗೂ ತಿದ್ದೋ ಪರ್ಮಿಷನ್ ಕೊಟ್ಟುಬಿಟ್ಟೆ.

ಮಧ್ಯಾಹ್ನದೊಳಗೆ ಫೋಲ್ಡರ್ ಮದುವೆಮನೆ ಆಗಿತ್ತು! ಹೆಸರನ್ನ ಬರೀ ಹೆಸರಾಗಿ ಬಿಡೋಕೆ ಯಾರಿಗೂ ಮನಸ್ಸಿಲ್ಲ. ಮೈಸೂರಿನ ಅಂಗಡಿಯವರು ಮೆಹಬೂಬ್ ಭಾಯ್ ಕೈಲಿ 'ಅದ್ನಾನ್ ಮಾಮು' ಆದರು. ಕೂಟಗಲ್ಲಿನ ಮರದ ವ್ಯಾಪಾರಿಯನ್ನ ಲೆಕ್ಕ ನೋಡೋ ಗಿರಿಜಾಂಬ ಮೇಡಂ 'ಕಾಡಸಿದ್ದಪ್ಪ ಭಾವ' ಮಾಡಿದರು. ಫೋಲ್ಡರ್ ಒಂದೇ ತಾನೆ, ಅವರಿಗೆ ಭಾವ ಆದವರು ಇಡೀ ಆಫೀಸಿಗೇ ಭಾವ! ಬೆಂಗಳೂರಿನ ಒಂದು ಸ್ಕೂಲಿನ ಪ್ರಿನ್ಸಿಪಾಲರು ಮೇಡಂ ಅವರ ತಂಗಿ ಮಗಳಂತೆ. ಫೋಲ್ಡರಿನಲ್ಲಿರೋ ಹೆಸರೇ ಮೇಲ್‌ಗೆ ತಾನಾಗಿ ಹೋಗುತ್ತಲ್ಲ, ಸಂಜೆ ಅವರಿಗೆ ಹೋದ ರೇಟಿನ ಮೇಲ್ 'ಮಾನ್ಯ ಅಮೂಲ್ಯ ಪುಟ್ಟಿಯವರೇ' ಅಂತ ಶುರುವಾಗಿತ್ತು! ಅವರ ಕ್ಲರ್ಕುಗಳೆಲ್ಲ ಓದಿದ್ದಾರೆ. "ನಮ್ಮ ದೊಡ್ಡಮ್ಮ ಕರೀಲಿ, ನಿಮ್ಮ ಕಂಪನಿ ಯಾಕ್ರೀ ನನ್ನನ್ನ ಪುಟ್ಟಿ ಅನ್ನಬೇಕು?" ಅಂತ ಫೋನ್ ಬಂತು.

ಸರ್ ನನ್ನನ್ನ ಕರೆದು, "ತಿದ್ದೋದು ಇನ್ಮೇಲೆ ನೀನೊಬ್ಬಳೇ. ಅದನ್ನ ಅವರಿಗೂ ನೀನೇ ಹೇಳು. ಆಗಲ್ಲ ಅಂದ್ರೆ ಬೇರೆಯವರನ್ನ ನೋಡ್ಕೋತೀವಿ" ಅಂದರು.

ರಾತ್ರಿಯೆಲ್ಲ ನಿನ್ನದೇ ನೆನಪು. ಕನಕಪುರದ ಹಾಸ್ಟೆಲಿನಲ್ಲಿ ನನಗೆ ಇನ್ನೊಂದು ಸೌಟು ಸಾರು ಬೇಕಾದರೂ ಕೇಳ್ತಿದ್ದವಳು ನೀನು. ಜ್ವರ ನನಗೆ, ವಾರ್ಡನ್ ಹತ್ರ ಹೋಗ್ತಿದ್ದವಳು ನೀನು. ಒಂದು ಥ್ಯಾಂಕ್ಸ್ ಕೂಡ ಹೇಳಿಲ್ಲ ನಾನು. ನಿಜ ಹೇಳ್ತೀನಿ, 'ಭಾಯ್ ಹತ್ರ ನೀನೇ ಒಂದು ಮಾತು ಹೇಳು' ಅನ್ನೋಣ ಅಂತ ನಿನ್ನ ನಂಬರ್ ತೆಗೆದಿದ್ದೆ. ಒತ್ತಲಿಲ್ಲ.

ಇವತ್ತು ಟೀ ಹೊತ್ತಿಗೆ ಎದ್ದು ನಿಂತೆ. "ಇನ್ಮೇಲೆ ಫೋಲ್ಡರ್ ನಾನೊಬ್ಬಳೇ ತಿದ್ದೋದು" ಅಂದೆ. ಧ್ವನಿ ಕೀರಲಾಗಿ ಬಂತು.

"ಏನ್ ಮರಿ, ಮೊನ್ನೆ ಬಂದ್ಬುಟ್ಟು ನಮ್ಗೇ ಬೀಗ ಹಾಕ್ತೀಯಾ?" ಅಂದರು ಮೆಹಬೂಬ್ ಭಾಯ್.

"ಹೂಂ ಭಾಯ್, ಹಾಕ್ತೀನಿ. ನಿಮ್ಮ ಮಾಮು ನಿಮ್ಮ ಫೋನಲ್ಲಿರಲಿ. ಆಫೀಸಿಗೆ ಅವರು ಅದ್ನಾನ್ ಅಷ್ಟೇ."

ಆಮೇಲೆ ಗಿರಿಜಾಂಬ ಮೇಡಂ, "ಒಸಿ ಜೋರಾಗಿ ಹೇಳವ್ವ, ಈ ಮೂಲೆಗೆ ಕೇಳ್ಲಿಲ್ಲ" ಅಂದರು. ಜೋರಾಗಿ ಹೇಳಿದೆ ಕಣೇ, ಇನ್ನೊಂದು ಸಲ, ಪೂರ್ತಿ! "ಬಾಯಿ ಐತೆ ಬುಡು ಈ ಮಗೀಗೆ" ಅಂತ ಅವರೇ ನಕ್ಕರು.

ಸಂಜೆ ಭಾಯ್ ನನ್ನ ಟೇಬಲ್ಲಿಗೇ ಬಂದು, ಹೊಸ ಗಿರಾಕಿಯನ್ನ ಸೇರಿಸು ಅಂದರು.

"ಹೆಸರು?"

"ರಸೂಲ್ ಚಾಚಾ."

ನಾನು ಟೈಪ್ ಮಾಡದೆ ಸುಮ್ಮನೆ ಅವರ ಮುಖ ನೋಡಿದೆ.

"ರಸೂಲ್. ಬರೀ ರಸೂಲ್ ಕಣಮ್ಮ ತಾಯಿ!" ಅಂದರು. ಅದನ್ನ ಕೇಳಿಸಿಕೊಂಡೇ ಸರ್, "ಸೋಮವಾರದಿಂದ ರೆಗ್ಯುಲರಾಗಿ ಬಾ, ಈ ವರ್ಷವೆಲ್ಲ" ಅಂದರು!

ಕೆಹಕಶಾನ್, ಮಾಗಡಿಯಲ್ಲಿ ನೀನೇನಾದರೂ ಯಾರೆದುರಾದರೂ ಮಾತು ಬಾರದೆ ಕೂತಿದ್ದರೆ ಹೇಳು. ಮೊದಲ ಬಸ್ಸಿಗೇ ಬತ್ತೀನಿ, ನಿನ್ನ ಪರವಾಗಿ ನಾನು ಕೇಳ್ತೀನಿ. ಧ್ವನಿ ಒಸಿ ಕೀರಲಾಗಿರುತ್ತೆ, ಅಷ್ಟೇ.

ಎಲ್ಲಿದ್ದರೂ ನಿನ್ನ ತಟ್ಟೆ ತುಂಬಿರಲಿ, ನಿನ್ನ ಮಾತು ನಡೀಲಿ.

ನಿನ್ನ ಪಕ್ಕದ ಮಂಚದವಳು,
ಹೇಮಶ್ರೀ