ನನ್ನ ನಂಬರು ಯಾಕೆ ಕೊಟ್ಟೆ?

ಪ್ರೀತಿಯ ತಮ್ಮಾ,

‘ಪ್ರೀತಿಯ’ ಅಂತ ಕೈ ತಾನಾಗಿಯೇ ಬರೆದುಬಿಟ್ಟಿತು. ಹೊಡೆದು ಹಾಕಲು ಮನಸ್ಸಾಗಲಿಲ್ಲ, ಇರಲಿ ಬಿಡು.

ಮೊನ್ನೆ ಒಬ್ಬರು ಫೋನ್ ಮಾಡಿದ್ದರು. ಆಸ್ಪತ್ರೆಯಲ್ಲಿ ನರ್ಸ್ ಅಂತೆ. ಬಚ್ಚಲುಮನೆ ರಿಪೇರಿಗೆ ನಿನ್ನನ್ನು ಕರೆಸಿದ್ದರಂತೆ. ಹಿಂದೆ ಮಾಡಿದ ಕೆಲಸದ ಬಗ್ಗೆ ಯಾರನ್ನಾದರೂ ಕೇಳಬಹುದಾ ಎಂದಿದ್ದಕ್ಕೆ ನೀನು ನನ್ನ ನಂಬರು ಕೊಟ್ಟೆ. ಅಕ್ಕ ಅಂತ ಹೇಳಲಿಲ್ಲ, ಗಿರಾಕಿ ಅಂದೆ. “ನಾನು ಡ್ಯೂಟಿಗೆ ಹೋದ್ರೆ ಮನೇಲಿ ಯಾರೂ ಇರಲ್ಲ. ಬೀಗದ ಕೈ ಅವರಿಗೇ ಕೊಟ್ಟು ಹೋಗ್ಬೇಕು. ಆ ಮೇಸ್ತ್ರೀನ ನಂಬಬಹುದಾ?” ಎಂದು ಕೇಳಿದರು. ನಾಳೆ ಹೇಳುತ್ತೇನೆ ಎಂದು ಫೋನಿಟ್ಟೆ.

ನಿನ್ನ ಧೈರ್ಯ ಮೆಚ್ಚಬೇಕು ಕಣೋ. ನಮ್ಮ ಮನೆಯ ಕೆಲಸ ತೋರಿಸಿ ಇನ್ನೊಂದು ಮನೆ ಹಿಡಿಯಲು ಹೊರಟೆಯಲ್ಲ!

ನಮ್ಮ ಬಚ್ಚಲಿಗೂ ಆಗ ನಾಲ್ಕು ಜನ ಮೇಸ್ತ್ರಿಗಳು ಬಂದು ನೋಡಿದ್ದರು. ಒಬ್ಬ ಗೋಡೆ ಕುಟ್ಟಿ, ಡಾಕ್ಟರ ಹಾಗೆ ತಲೆಯಾಡಿಸಿ ಹೋದ. ಇನ್ನೊಬ್ಬ ‘ಈಗ ಬಂದೆ’ ಎಂದವನು ಇನ್ನೂ ಬರುತ್ತಲೇ ಇದ್ದಾನೆ. ನನ್ನ ತಮ್ಮನಿರುವಾಗ ಊರೆಲ್ಲ ಅಲೆಯುವುದೇಕೆ ಎಂದು ನಿನ್ನ ಭಾವನ ಹತ್ತಿರ ಜಗಳವಾಡಿ ನಿನ್ನನ್ನು ಕರೆಸಿದವಳು ನಾನು.

ಟೈಲ್ಸ್ ಕೂರಿಸುವ ಮೊದಲು ನೆಲದ ಮೇಲೆ ಎರಡು ದಿನ ನೀರು ನಿಲ್ಲಿಸಿ, ಕೆಳಗಿಳಿಯುತ್ತದಾ ನೋಡಬೇಕು. ಇದನ್ನು ನಮಗೆ ಹೇಳಿಕೊಟ್ಟವನೂ ನೀನೇ. ಭಾವ ಪಾಪ, ಅದನ್ನೇ ನಂಬಿ ನೀರು ಹೋಗುವ ತೂತಿಗೆ ಬಟ್ಟೆಯ ಉಂಡೆ ತುರುಕಿ ನಾಲ್ಕು ಬಕೆಟ್ ಸುರಿದರು. ಬೆಳಿಗ್ಗೆ ಬಂದ ನಿನ್ನ ಮುಖ ಸಣ್ಣದಾಯಿತು. “ನನ್ನನ್ನೇ ಪರೀಕ್ಷೆ ಮಾಡ್ತೀರೇನಕ್ಕಾ? ಬೇರೆಯವರ ಮನೇಲಿ ಸರಿ, ಇದು ನಮ್ಮನೆ ಅಲ್ವಾ?” ಎಂದೆ. ನನಗೆ ನಾಚಿಕೆಯಾಯಿತು. ಭಾವ ಬೇಡ ಬೇಡ ಎನ್ನುತ್ತಿದ್ದರೂ ಬಗ್ಗಿ ಆ ಬಟ್ಟೆಯನ್ನು ಕಿತ್ತವಳು ನಾನೇ. ನೀನು ಅವತ್ತೇ ಟೈಲ್ಸ್ ಕೂರಿಸಿದೆ. ನಿನಗೆ ಇನ್ನೊಂದು ಕಡೆ ಕೆಲಸ ಶುರುಮಾಡುವ ಅವಸರವಿತ್ತು ಎಂದು ಆಮೇಲೆ ಗೊತ್ತಾಯಿತು.

ಬಚ್ಚಲಿನ ಕೆಳಗಿನ ಕೋಣೆ ಭಾವನದು. ಅವರು ಪುಸ್ತಕಕ್ಕೆ ರಟ್ಟು ಕಟ್ಟಿ ಸಂಸಾರ ನಡೆಸುವವರು. ಒಂದು ಶಾಲೆಯ ಲೈಬ್ರರಿಯ ಪುಸ್ತಕಗಳನ್ನೆಲ್ಲ ಗೋಡೆಗೆ ಒತ್ತಿ ಜೋಡಿಸಿದ್ದರು. ನಿನ್ನ ನೀರು ಆ ಗೋಡೆಯಲ್ಲೇ ಇಳಿಯಿತು. ಉಬ್ಬಿ ಅಂಟಿಕೊಂಡ ಹಾಳೆಗಳನ್ನು ಅವರು ಒಂದೊಂದಾಗಿ ಬಿಡಿಸುತ್ತ ಕೂತಿದ್ದನ್ನು ನೀನು ನೋಡಬೇಕಿತ್ತು. ಆಮೇಲೆ ಸೋರಿಕೆ ನೋಡಲು ಬಂದವನು ಏನಂದೆ, ನೆನಪಿದೆಯಾ? “ನೀವು ನೀರು ಜಾಸ್ತಿ ಸುರೀತೀರ ಅಕ್ಕಾ.” ಬಚ್ಚಲಲ್ಲಿ ನೀರು ಸುರಿಯದೆ ಇನ್ನೇನು ಸುರಿಯಬೇಕಿತ್ತೋ ಮಹರಾಯ? ‘ತಪ್ಪಾಯ್ತು ಭಾವ’ ಎಂಬ ಎರಡು ಮಾತು ನಿನ್ನ ಬಾಯಿಂದ ಬರಲಿಲ್ಲ. ಶಾಲೆಯವರು ಮತ್ತೆ ಕೆಲಸ ಕೊಡಲಿಲ್ಲ. ಭಾವ ನಿನ್ನನ್ನು ಇವತ್ತಿಗೂ ಬೈದಿಲ್ಲ, ನನ್ನನ್ನೂ ಬೈದಿಲ್ಲ. ಅದನ್ನೇ ನನಗೆ ತಡೆದುಕೊಳ್ಳಲಾಗುವುದಿಲ್ಲ.

ಆ ನರ್ಸ್‌ಗೆ ಸುಳ್ಳು ಹೇಳಿಬಿಡೋಣ ಎಂದು ಒಂದಿಡೀ ದಿನ ಒದ್ದಾಡಿದೆ. ನಿನ್ನ ಹೊಟ್ಟೆಯ ಮೇಲೆ ಹೊಡೆಯಲು ಯಾವ ಅಕ್ಕನಿಗೆ ಮನಸ್ಸು ಬರುತ್ತದೆ? ಆದರೆ ಆಕೆ ಕೇಳಿದ್ದು ನಿನ್ನ ಅಕ್ಕನನ್ನಲ್ಲ, ನಿನ್ನ ಗಿರಾಕಿಯನ್ನು. ನಿನ್ನೆ ನಾನೇ ಫೋನ್ ಮಾಡಿದೆ. “ಬೀಗದ ಕೈ ಧಾರಾಳವಾಗಿ ಕೊಡಿ, ಒಂದು ಚಮಚಾನೂ ಆಚೀಚೆ ಆಗಲ್ಲ. ಕೆಲಸ ಮಾತ್ರ ಕೊಡಬೇಡಿ” ಎಂದೆ.

“ಅವರು ನಿಮಗೆ ಅಷ್ಟು ಚೆನ್ನಾಗಿ ಗೊತ್ತಾ?” ಎಂದರು.

“ನಾನೇ ಎತ್ತಿ ಆಡಿಸಿದ ತಮ್ಮ” ಎಂದೆ.

ಇನ್ನು ಯಾರಿಗೂ ನನ್ನ ನಂಬರು ಕೊಡಬೇಡ. ನಿನ್ನ ಹೆಂಡತಿ ಮಕ್ಕಳು ತಣ್ಣಗಿರಲಿ, ನೀನು ಕಟ್ಟಿದ ಮನೆಗಳಲ್ಲಿರುವವರೂ.

ಇಂತಿ,
ಆ ಬಟ್ಟೆ ಕಿತ್ತ ನಿನ್ನ ಅಕ್ಕ